ಸೈಮಿ ಹೌಕ್ಕಳ ಬಲಗೈ

ಸೈಮಿ ಹೌಕ್ಕಳ ಬಲಗೈಯ ಮೂರು ಬೆರಳುಗಳಿಗೆ ಸ್ಪರ್ಶ ತಿಳಿಯುವುದಿಲ್ಲ ಎಂಬುದು ಆ ಹಡಗಿನಲ್ಲಿ ಇಬ್ಬರಿಗೇ ಗೊತ್ತಿತ್ತು. ಒಬ್ಬಳು ಸೈಮಿ, ಇನ್ನೊಬ್ಬ ನಾನು. ಮೂರನೆಯವರಿಗೆ ಗೊತ್ತಾದ ದಿನ ಅವಳನ್ನು ಮಂಜಿನ ಮೇಲೆ ಇಳಿಸುವುದು ನಿಂತುಹೋಗುತ್ತದೆ ಎಂಬುದೂ ಇಬ್ಬರಿಗೂ ಗೊತ್ತಿತ್ತು.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಮಂಜುಗಡ್ಡೆ ಒಡೆಯುವ ಹಡಗು ಕಟ್ಟಿದವರು, ಇಷ್ಟು ದಪ್ಪದ ಗಡ್ಡೆಯಲ್ಲಿ ಇಷ್ಟು ವೇಗವಾಗಿ ಹೋಗುತ್ತದೆ ಎಂದು ಬರೆದುಕೊಟ್ಟಿರುತ್ತಾರೆ. ಕೊಳ್ಳುವವರು ಅದನ್ನು ಕಣ್ಣಾರೆ ನೋಡಬೇಕು ಎನ್ನುತ್ತಾರೆ. ವೇಗವನ್ನು ಯಂತ್ರ ಹೇಳುತ್ತದೆ. ಗಡ್ಡೆ ಎಷ್ಟು ದಪ್ಪ ಎಂಬುದನ್ನು ಮಾತ್ರ ಯಾರಾದರೂ ಏಣಿ ಇಳಿದು ಹೋಗಿ, ಮೋಟಾರು ಬೈರಿಗೆಯಿಂದ ತೂತು ಕೊರೆದು, ಅಳತೆ ಕೋಲು ಬಿಟ್ಟು ನೋಡಬೇಕು. ಬೋತ್ನಿಯಾ ಕೊಲ್ಲಿಯಲ್ಲಿ ಮೂವತ್ತೊಂದು ಚಳಿಗಾಲ ಆ ಕೆಲಸ ಮಾಡಿದವಳು ಸೈಮಿ. ಎರಡೂ ಕಡೆಗೆ ಸೇರದೆ ಪರೀಕ್ಷೆ ನಡೆಸುವ ಹೆಲ್ಸಿಂಕಿಯ ನಮ್ಮ ಪ್ರಯೋಗಾಲಯದಲ್ಲಿ ಡಾಕ್ಟರೇಟು ಪಡೆದವರು ಒಂಬತ್ತು ಮಂದಿ ಇದ್ದರು. ಅವರೆಲ್ಲರ ಲೆಕ್ಕಾಚಾರ ನಿಂತದ್ದು ಹೈಲುವೊಟೊ ದ್ವೀಪದ ಬೆಸ್ತನೊಬ್ಬನ ಮಗಳು ಕೂಗಿ ಹೇಳಿದ ಅಂಕಿಗಳ ಮೇಲೆ.

ನಾನು ಇಲ್ಪೊ, ಅವಳ ಬರೆಯುವವ. ಗಡ್ಡೆಯ ಮೇಲೆ ಅಳೆಯುವವರಿಗೆ ಬರೆಯುವ ಅಧಿಕಾರವಿಲ್ಲ, ಬರೆಯುವವನಿಗೆ ಅಳೆಯುವ ಅಧಿಕಾರವಿಲ್ಲ. ಅವಳು ಅಂಕಿ ಕೂಗುತ್ತಾಳೆ, ನಾನು ಅದನ್ನೇ ತಿರುಗಿ ಕೂಗುತ್ತೇನೆ, ಅವಳು ‘ಬರಿ’ ಎನ್ನುತ್ತಾಳೆ, ಆಮೇಲೆ ನನ್ನ ಪೆನ್ಸಿಲ್ ಕಾಗದ ಮುಟ್ಟುತ್ತದೆ. ಬರೆದದ್ದನ್ನು ರಬ್ಬರಿನಿಂದ ಅಳಿಸುವಂತಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಇಬ್ಬರೂ ಸಹಿ ಹಾಕಬೇಕು. ನಾನು ಜೊತೆಯಲ್ಲಿದ್ದ ಎಂಟು ವರ್ಷಗಳಲ್ಲಿ ಅಂಥ ಗೆರೆಯೊಂದನ್ನೂ ನಾವು ಎಳೆದಿರಲಿಲ್ಲ. ಇದು ನನ್ನ ಹೆಮ್ಮೆಯೂ ಆಗಿತ್ತು ಎಂದು ಹೇಳದಿದ್ದರೆ ತಪ್ಪಾಗುತ್ತದೆ.

ಬೆರಳಿನ ವಿಷಯ ನನಗೆ ತಿಳಿದದ್ದು ಹಿಂದಿನ ಚಳಿಗಾಲದಲ್ಲಿ, ದಡದ ಮೀನುಗಾರರ ಗುಡಿಸಲೊಂದರಲ್ಲಿ. ಒಲೆಯ ಮೇಲೆ ಕುದಿಯುತ್ತಿದ್ದ ಕಾಫಿ ಕೆಟಲನ್ನು ಅವಳು ಹಿಡಿಕೆ ಬಿಟ್ಟು ಹೊಟ್ಟೆಯನ್ನೇ ಹಿಡಿದು ಎತ್ತಿದಳು. ಎತ್ತಿ, ಇಬ್ಬರ ಲೋಟಕ್ಕೂ ನಿಧಾನವಾಗಿ ಸುರಿದಳು. ನಾನು ಕಿರುಚಿದೆ. ಆಮೇಲೆ ಅವಳು ಕೈ ನೋಡಿಕೊಂಡಳು. ತೋರುಬೆರಳು, ನಡುಬೆರಳು, ಹೆಬ್ಬೆರಳು ಮೂರರಲ್ಲೂ ಬೊಬ್ಬೆ ಏಳುತ್ತಿದ್ದವು.

"ಯಾವಾಗಿಂದ?" ಎಂದೆ.

"ಈ ಚಳಿಗಾಲದಿಂದ. ಮೂವತ್ತು ವರ್ಷ ಆ ದರಿದ್ರ ಬೈರಿಗೆ ನಡುಗಿಸಿ ನಡುಗಿಸಿ ಹೀಗ್ ಮಾಡಿದೆ. ಬಾಯಿ ಮುಚ್ಚು, ಇಲ್ಪೊ. ಹಲ್ಲು ಹೆಪ್ಪುಗಟ್ಟುತ್ತೆ."

"ಡಾಕ್ಟ್ರ ಹತ್ರ ಹೋಗು."

"ಹೋದ್ರೆ ಕಾಗದ ಕೊಡ್ತಾರೆ. ಕಾಗದ ಕೊಟ್ರೆ ನನ್ನನ್ನ ಹೆಲ್ಸಿಂಕಿಯಲ್ಲಿ ಕುರ್ಚಿ ಮೇಲೆ ಕೂರಿಸ್ತಾರೆ. ನಾನು ಕುರ್ಚಿ ಮೇಲೆ ಏನು ಮಾಡ್ಲಿ, ಮೊಟ್ಟೆ ಇಡ್ಲಾ? ಇದನ್ನ ಬಿಟ್ರೆ ಇನ್ನೊಂದೇ ಚಳಿಗಾಲ. ಆಮೇಲೆ ಪಿಂಚಣಿ. ಅಲ್ಲೀವರೆಗೆ ನೀನು ಏನೂ ನೋಡಿಲ್ಲ."

ನಾನು ಏನೂ ನೋಡಿಲ್ಲ ಎಂದು ಒಪ್ಪಿಕೊಂಡೆ. ಅವಳ ಮೇಲಿನ ಪ್ರೀತಿಯಿಂದ ಎಂದು ಆಗ ಅಂದುಕೊಂಡೆ. ಪ್ರೀತಿಯೂ ಇತ್ತು. ಆದರೆ ಸೈಮಿಯ ಜೊತೆ ಹೋದರೆ ಯಾವ ಹಡಗಿನಲ್ಲೂ ಯಾರೂ ಎದುರು ಮಾತಾಡುತ್ತಿರಲಿಲ್ಲ, ನನ್ನ ಪುಸ್ತಕವನ್ನು ಯಾರೂ ತಿರುವಿ ನೋಡುತ್ತಿರಲಿಲ್ಲ. ಆ ಸುಖವನ್ನು ಕಳೆದುಕೊಳ್ಳುವುದು ನನಗೂ ಬೇಡವಾಗಿತ್ತು.

ಈಗ ಆ ಮಾರ್ಚ್ ತಿಂಗಳ ಗುರುವಾರಕ್ಕೆ ಬರುತ್ತೇನೆ. ಹಡಗು ಹೊಸದು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಕಟ್ಟಿದವರ ಕಡೆಯಿಂದ ಬಂದಿದ್ದವನು ಹೋಲ್ಗರ್ ನ್ಯೂಫೋರ್ಸ್, ಹಡಗಿನ ಮೂತಿಯ ಆಕಾರವನ್ನು ಕಾಗದದ ಮೇಲೆ ಎಳೆದವನೇ ಅವನು. ಕೊಳ್ಳುವವರ ಪರವಾಗಿ ಇದ್ದವನು ಕ್ಯಾಪ್ಟನ್ ಎನ್ಸಿಯೊ. ಹಡಗು ಗೆದ್ದರೆ ಮುಂದೆ ಅದನ್ನು ನಡೆಸುವವನೂ ಅವನೇ. ಒಪ್ಪಂದ ಹೀಗಿತ್ತು: ನಲವತ್ತೈದು ಸೆಂಟಿಮೀಟರಿನ ಸಪಾಟು ಗಡ್ಡೆಯಲ್ಲಿ ಒಂದು ಕಿಲೋಮೀಟರು, ಎಂಟು ನಾಟ್ ವೇಗಕ್ಕೆ ಕಡಿಮೆ ಇಲ್ಲದಂತೆ. ಸೋತರೆ ಹಡಗು ತನ್ನನ್ನು ಕಟ್ಟಿದ ಕಟ್ಟೆಗೆ ವಾಪಸ್ಸು, ಬೇಸಗೆಯೆಲ್ಲ ರಿಪೇರಿ, ಮತ್ತೆ ಪರೀಕ್ಷೆ ಮುಂದಿನ ಚಳಿಗಾಲಕ್ಕೆ. ಪಡುವಣ ಗಾಳಿ ಮೂರು ದಿನದಿಂದ ಗಡ್ಡೆಯ ಹಾಸನ್ನು ದಡದ ಕಡೆಗೆ ಒತ್ತಿ ಹಿಡಿದಿತ್ತು. ಮಧ್ಯಾಹ್ನದ ಮೇಲೆ ಗಾಳಿ ಮೂಡಣಕ್ಕೆ ತಿರುಗುತ್ತದೆ ಎಂದು ಹವಾಮಾನದವರು ಹೇಳಿದ್ದರು. ತಿರುಗಿದರೆ ಹಾಸು ದಡ ಬಿಟ್ಟು ಕಳಚಿಕೊಳ್ಳುತ್ತದೆ.

ಬೆಳಿಗ್ಗೆ ಏಳಕ್ಕೆ ನಾವಿಬ್ಬರೂ ಇಳಿದೆವು. ಐವತ್ತು ಮೀಟರಿಗೊಂದರಂತೆ ಇಪ್ಪತ್ತೊಂದು ತೂತು, ಒಂದೊಂದರ ಪಕ್ಕಕ್ಕೂ ಒಂದು ಬಾವುಟ. ಸೈಮಿ ಬೈರಿಗೆ ಒತ್ತುತ್ತಾಳೆ, ನೀರು ಉಕ್ಕುತ್ತದೆ, ಬೈರಿಗೆ ಎಳೆಯುತ್ತಾಳೆ, ಕೋಲು ಇಳಿಸುತ್ತಾಳೆ. ಕೋಲಿನ ತುದಿಯಲ್ಲಿ ಮಡಚುವ ಕೊಕ್ಕೆ ಇದೆ. ಮೇಲಕ್ಕೆ ಎಳೆದರೆ ಅದು ಗಡ್ಡೆಯ ತಳಕ್ಕೆ ಸಿಕ್ಕಿಕೊಳ್ಳುತ್ತದೆ, ಮೇಲಿನ ಗುರುತು ಓದಿದರಾಯಿತು.

ಆದರೆ ಎಳೆಯುವ ಮೊದಲು ಮಾಡಬೇಕಾದದ್ದೊಂದಿದೆ. ಡಿಸೆಂಬರಿನ ಬಿರುಗಾಳಿಯಲ್ಲಿ ಒಮ್ಮೊಮ್ಮೆ ಒಂದು ಹಾಸು ಇನ್ನೊಂದರ ಕೆಳಗೆ ಜಾರಿ ಸೇರಿಕೊಂಡಿರುತ್ತದೆ. ನಡುವೆ ಒಂದು ಗೇಣು ಗಂಜಿಯಂಥ ಮಂಜು. ಮೇಲೆ ಹಿಮ ಬಿದ್ದ ಮೇಲೆ ಕಣ್ಣಿಗೆ ಎಲ್ಲವೂ ಸಪಾಟು. ಬೈರಿಗೆ ಮೇಲಿನ ಹಾಸು ದಾಟಿದ ಕೂಡಲೇ ಸಡಿಲವಾಗುತ್ತದೆ, ನೀರೂ ಉಕ್ಕುತ್ತದೆ, ಮುಗಿಯಿತೆಂದು ಆತುರಗಾರ ಎಳೆದುಬಿಡುತ್ತಾನೆ. ತಿಳಿದವರು ಕೋಲನ್ನು ಇನ್ನೊಮ್ಮೆ ಕೆಳಕ್ಕೆ ಒತ್ತಿ ನೋಡುತ್ತಾರೆ. ಕೋಲು ಗಂಜಿಯಲ್ಲಿ ಹೂತು ನಿಂತಿತೋ, ಗಡ್ಡೆಗೆ ತಾಗಿ ನಿಂತಿತೋ? ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುವುದಿಲ್ಲ. ಬೆರಳಿಗೆ ಮಾತ್ರ ತಿಳಿಯುತ್ತದೆ.

"ನಲವತ್ನಾಲ್ಕು!"

"ನಲವತ್ನಾಲ್ಕು."

"ಬರಿ."

ಒಂಬತ್ತನೆಯ ತೂತಿನಲ್ಲಿ ಉಕ್ಕಿದ ನೀರಿನ ಜೊತೆ ಹರಳು ಹರಳಾದ ಗಂಜಿ ಮಂಜು ಬಂತು. ನಾನು ನೋಡಿದೆ. ಸೈಮಿ ಕೋಲನ್ನು ಒತ್ತಿದಳು, ಎಂದಿನಂತೆ ಬಲಗೈಯಲ್ಲಿ. ಒಂದು ಗಳಿಗೆ ಎತ್ತಲೋ ನೋಡಿದಳು. ಆಮೇಲೆ ಎಳೆದು ಕೂಗಿದಳು, ನಲವತ್ತೈದು. ‘ಎಡಗೈಯಲ್ಲಿ ಇನ್ನೊಂದ್ಸಲ ಒತ್ತು’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಅವಳಿಗೆ ಅವಮಾನವಾದೀತು ಎನ್ನಿಸಿತು. ನಲವತ್ತೈದು ಎಂದು ತಿರುಗಿ ಕೂಗಿದೆ. ಹತ್ತರಲ್ಲೂ ಹನ್ನೆರಡರಲ್ಲೂ ಹದಿನೈದರಲ್ಲೂ ಅದೇ ಹರಳು, ಅದೇ ನನ್ನ ಮೌನ.

ಹತ್ತೂವರೆಗೆ ಓಟ ಶುರುವಾಯಿತು. ನಾವೆಲ್ಲ ಹಡಗಿನ ಮೇಲಿನ ಗಾಜಿನ ಕೋಣೆಯಲ್ಲಿದ್ದೆವು. ನಮ್ಮ ತೂತುಗಳ ಸಾಲಿನಿಂದ ಹದಿನೈದು ಮೀಟರು ಪಕ್ಕದಲ್ಲಿ ಹಡಗು ಗಡ್ಡೆಯನ್ನು ಸೀಳಿಕೊಂಡು ಹೊರಟಿತು. ವೇಗ ಎಂಟೂಕಾಲು. ಹೋಲ್ಗರ್ ಕೈ ಉಜ್ಜಿಕೊಳ್ಳುತ್ತ ನಿಂತಿದ್ದ. ಎಂಟನೆಯ ಬಾವುಟ ದಾಟಿತು. ಇದ್ದಕ್ಕಿದ್ದಂತೆ ನೆಲ ಅದುರಿ, ಮೇಜಿನ ಮೇಲಿನ ಲೋಟ ಉರುಳಿತು. ಆರು ನಾಟ್. ನಾಲ್ಕು. ಮೂರು. ಹಡಗು ನರಳುತ್ತ ತೆವಳಿತು. ಹದಿನೇಳನೆಯ ಬಾವುಟ ದಾಟಿದ ಮೇಲೆ ಮತ್ತೆ ಎಂಟಕ್ಕೇರಿತು. ಕಿಲೋಮೀಟರು ಮುಗಿದಾಗ ಸರಾಸರಿ ಐದರ ಹತ್ತಿರ ಇತ್ತು.

ಒಂಬತ್ತರಿಂದ ಹದಿನೇಳು. ನನಗೆ ಆ ಕ್ಷಣವೇ ಗೊತ್ತಾಯಿತು.

"ಅಳತೆ ತೋರಿಸು," ಎಂದ ಹೋಲ್ಗರ್. ನನ್ನ ಪುಸ್ತಕ ಕಿತ್ತುಕೊಂಡು ಬೆರಳಿಟ್ಟು ಓದಿದ. "ನಲವತ್ನಾಲ್ಕು, ನಲವತ್ತೈದು, ನಲವತ್ತಾರು, ನಲವತ್ನಾಲ್ಕು. ಎಲ್ಲಾ ಒಂದೇ. ಅಂದ್ರೆ ಎಂಟನೇ ಬಾವುಟದ ಹತ್ರ ನನ್ನ ಹಡಗಿಗೆ ಈಜೋದು ಮರೆತುಹೋಯ್ತು, ಹದಿನೇಳನೇದ್ರ ಹತ್ರ ನೆನಪಾಯ್ತು, ಹಾಗಾ?"

"ಮೊನ್ನೆ ಮೋಟಾರು ತಾನಾಗೇ ತಗ್ಗಿರ್ಲಿಲ್ವಾ?" ಎಂದ ಎನ್ಸಿಯೊ. "ಇವತ್ತೂ ಅದೇ ಆಗಿರುತ್ತೆ. ಪಕ್ಕದ ಕ್ಯಾಮೆರಾದಲ್ಲೂ ಎದ್ದು ಮಗುಚಿದ ತುಂಡುಗಳು ನಲವತ್ತೈದೇ ಇದ್ವು, ನಾನೇ ನೋಡಿದೀನಿ."

"ಮೋಟಾರು ಪೂರ್ತಿ ಓಡ್ತಿತ್ತು! ಗಡ್ಡೆ ಬೇರೆ ಇತ್ತು ಅಲ್ಲಿ. ಅಳತೆ ತಪ್ಪು."

ಎನ್ಸಿಯೊ ನಕ್ಕುಬಿಟ್ಟ. "ಏ ಹೋಲ್ಗರ್, ಅಳತೆ ಮಾಡಿದ್ದು ಸೈಮಿ. ನೀನಿನ್ನೂ ಸ್ನಾನದ ತೊಟ್ಟಿಯಲ್ಲಿ ಹಡಗು ಬಿಡ್ತಿದ್ದಾಗ್ಲೇ ಅವಳು ಇಲ್ಲಿ ತೂತು ಕೊರೀತಿದ್ಲು. ಸೈಮಿ ಹೇಳಿದ್ಮೇಲೆ ಮುಗೀತು. ನಿನ್ನ ಹಡಗು ಸೋತಿದೆ."

ಹೋಲ್ಗರನ ಮುಖ ಕಪ್ಪಿಟ್ಟಿತು. ಅವನು ಸೈಮಿಯ ಕಡೆ ತಿರುಗಿದ. ನಮ್ಮಲ್ಲಿ ಹಡಗಿನ ಮೇಲೆ ಎಲ್ಲರಿಗೂ ಏಕವಚನವೇ. ಬಹುವಚನ ಬಂತೆಂದರೆ ಸಂಬಂಧ ಕೆಟ್ಟಿತೆಂದೇ ಅರ್ಥ.

"ಶ್ರೀಮತಿ ಹೌಕ್ಕ, ನೀವು ಹೇಳಿ. ಆ ಒಂಬತ್ತು ತೂತುಗಳ ಬಗ್ಗೆ ನಿಮಗೆ ಯಾವ ಅನುಮಾನವೂ ಇಲ್ವಾ?"

ಸೈಮಿ ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಬಲಗೈ ಜೇಬಿನೊಳಗಿತ್ತು. ನಾನಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಎಲ್ಲರೂ ಅವಳನ್ನು ನಂಬಿ ನಿಂತಿದ್ದರು, ಆ ನಂಬಿಕೆಯೇ ಅವಳ ಕುತ್ತಿಗೆ ಹಿಡಿದಿತ್ತು. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಪಿಂಚಣಿಯವರೆಗೂ ಮಂಜಿನ ಮೇಲಿರುತ್ತಿದ್ದಳು. ತಪ್ಪಿಲ್ಲದ ಹಡಗೊಂದು ಬೇಸಗೆಯೆಲ್ಲ ಕಟ್ಟೆಯಲ್ಲಿ ಬಿದ್ದಿರುತ್ತಿತ್ತು, ಅಷ್ಟೇ.

"ಏಣಿ ಇಳಿಸು, ಎನ್ಸಿಯೊ," ಎಂದಳು. "ಮತ್ತೆ ಕೊರೀತೀನಿ."

"ತಲೆ ಕೆಟ್ಟಿದೆಯಾ? ಗಾಳಿ ತಿರುಗೋ ಹೊತ್ತು. ಇವನನ್ನ ಸಮಾಧಾನ ಮಾಡೋಕೆ ನಾನು ಜನಾನ ಗಡ್ಡೆ ಮೇಲೆ ಇಳಿಸಲ್ಲ."

"ಇವನಿಗಲ್ಲ. ನಂಗೆ ಬೇಕು."

ಎನ್ಸಿಯೊ ಗಾಳಿಯ ಮುಳ್ಳು ನೋಡಿದ, ಗಡಿಯಾರ ನೋಡಿದ, ಅವಳ ಮುಖ ನೋಡಿದ. "ಒಂದು ಗಂಟೆ. ನಾನು ಮೂರ್ಸಲ ಕೊಂಬು ಊದಿದ್ರೆ ಇದ್ದಲ್ಲೇ ಎಲ್ಲಾ ಬಿಟ್ಟು ಓಡಿ ಬರ್ಬೇಕು."

ನಾವು ಸ್ಲೆಡ್ಜ್ ಎಂಬ ಜಾರುಬಂಡಿಯಲ್ಲಿ ಬೈರಿಗೆ, ಕೋಲು, ಸೈಮಿಯ ಕಬ್ಬಿಣದ ಹಾರೆ ಇಟ್ಟುಕೊಂಡು ಎಳೆಯುತ್ತ ಹೊರಟೆವು. ಹಡಗು ಮಾಡಿದ ಕಾಲುವೆ ಎಡಗಡೆ ಕಪ್ಪಗೆ ಹೊಗೆಯಾಡುತ್ತಿತ್ತು. ಹದಿನೇಳನೆಯ ಬಾವುಟದ ಹತ್ತಿರ ನಿಂತೆವು. ಅಲ್ಲಿ ಅವಳು ಬೈರಿಗೆಯನ್ನು ನನ್ನ ಕಡೆಗೆ ನೂಕಿದಳು.

"ನೀನು ಹಿಡಿ."

"ನಿಯಮದ ಪ್ರಕಾರ ನಾನು..."

"ನಿಯಮ ನನಗೆ ಹೇಳಿಕೊಡ್ಬೇಡ. ಹಿಡಿ ಅಂದೆ."

ನಾನು ಒತ್ತಿದೆ. ನಲವತ್ತು ದಾಟಿದ ಮೇಲೆ ಬೈರಿಗೆ ಹಗುರವಾಯಿತು, ನೀರು ಉಕ್ಕಿತು. ನಾನು ಎಳೆಯಲಿಲ್ಲ. ಒತ್ತುತ್ತಲೇ ಹೋದೆ. ಒಂದು ಗೇಣು ಏನೂ ಸಿಗಲಿಲ್ಲ. ಆಮೇಲೆ ಬೈರಿಗೆಯ ಹಲ್ಲು ಮತ್ತೆ ಗಟ್ಟಿಯಾದುದನ್ನು ಕಚ್ಚಿತು. ಹಿಡಿಕೆ ನನ್ನ ಕೈಯಲ್ಲಿ ಜೋರಾಗಿ ತಿರುಚಿಕೊಂಡಿತು. ನಾನು ಮೋಟಾರು ನಿಲ್ಲಿಸಿ ಸೈಮಿಯ ಮುಖ ನೋಡಲಾರದೆ ತೂತನ್ನೇ ನೋಡಿದೆ.

ಅವಳು ಮಂಡಿಯೂರಿ ಬೆಳಗಿನ ಹಳೆಯ ತೂತಿಗೆ ಕೋಲು ಇಳಿಸಿದಳು. ಮೊದಲು ಬಲಗೈಯಲ್ಲಿ ಒತ್ತಿದಳು, ಕೈಗವಸು ತೆಗೆದು ಬರಿಗೈಯಲ್ಲಿ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ. ಆಮೇಲೆ ಎಡಗೈಗೆ ಬದಲಿಸಿದಳು. ಒತ್ತಿದ ಕೂಡಲೇ ಅವಳ ಭುಜ ಕುಸಿಯಿತು.

"ಇದೆ," ಎಂದಳು. "ಅಂಬೆಗಾಲಿಕ್ಕೋ ಮಗೂಗೂ ತಿಳಿಯುತ್ತೆ. ಅಷ್ಟು ಗಟ್ಟಿಯಾಗಿ ತಾಗ್ತಿದೆ." ನನ್ನ ಕಣ್ಣು ತುಂಬಿತು, ಮೈನಸ್ ಹದಿನಾಲ್ಕರಲ್ಲಿ ಅದೂ ಒಂದು ತೊಂದರೆಯೇ. "ಅಳ್ಬೇಡ ಕತ್ತೆ, ರೆಪ್ಪೆ ಅಂಟಿಕೊಳ್ಳುತ್ತೆ. ಕೊರಿ. ಒಂಬತ್ತೂ ಬೇಕು ನನಗೆ."

"ಒಂದು ಸಾಕಲ್ವಾ? ಎರಡು ಹಾಸು ಇದೆ ಅಂತ ಗೊತ್ತಾಯ್ತಲ್ಲ."

"ಒಂಬತ್ತು ತಪ್ಪು ಬರೆಸಿದೀನಿ. ಒಂಬತ್ತು ಸರಿ ಮಾಡ್ತೀನಿ."

ಹದಿನೇಳು, ಹದಿನಾರು, ಹದಿನೈದು ಎಂದು ಹಿಂದಕ್ಕೆ ಹೋದೆವು. ಮೇಲಿನದು ನಲವತ್ತೈದು, ಕೆಳಗಿನದು ಮೂವತ್ತಾರು, ಮೂವತ್ತೆಂಟು. ಈ ಸಲ ನಾನು ಕೊರೆದೆ, ಎಡಗೈಯಲ್ಲಿ ಕೋಲು ಹಿಡಿದು ಅವಳು ಓದಿದಳು. ಹನ್ನೆರಡಕ್ಕೆ ಬಂದಾಗ ಕೆನ್ನೆಗೆ ಹೊಡೆಯುತ್ತಿದ್ದ ಗಾಳಿ ನಿಂತಿತು. ಸೈಮಿ ತಲೆಯೆತ್ತಿದಳು. ಐದು ನಿಮಿಷ ಎಲ್ಲವೂ ಸ್ತಬ್ಧ. ಆಮೇಲೆ ಇನ್ನೊಂದು ಕೆನ್ನೆಗೆ ತಣ್ಣಗೆ ಉಸಿರು ತಾಗಿತು.

"ತಿರುಗ್ತು," ಎಂದೆ.

"ಗೊತ್ತು. ಇನ್ನು ಮೂರೇ."

ಹನ್ನೊಂದರಲ್ಲಿದ್ದಾಗ ಕೊಂಬು ಕೇಳಿಸಿತು. ಒಂದು. ಎರಡು. ಮೂರು. ಸೈಮಿಗೆ ಕಿವುಡು ಬಂದಂತಿತ್ತು. ಹತ್ತು ಮುಗಿಯಿತು. ಒಂಬತ್ತರಲ್ಲಿ ಬೈರಿಗೆ ಕೆಳಗಿನ ಹಾಸಿನಲ್ಲಿ ಕಚ್ಚಿಕೊಂಡು ನಿಂತುಬಿಟ್ಟಿತು. ಮತ್ತೆ ಮೂರು ಸಲ ಕೊಂಬು. "ಬಿಡು ಸೈಮಿ, ಬಿಡು," ಎಂದು ಕೂಗಿದೆ. ಅವಳು ಹಾರೆಯಿಂದ ಬೈರಿಗೆಯ ಸುತ್ತ ಕುಟ್ಟಿ ಸಡಿಲಿಸಿ, ಕೋಲು ಇಳಿಸಿ, "ಕೆಳಗಿನದು ಮೂವತ್ತೇಳು!" ಎಂದು ಕೂಗಿದಳು. ತಿರುಗಿ ಕೂಗು ಎಂದು ಕಣ್ಣಲ್ಲೇ ಗದರಿದಳು. ಕೂಗಿದೆ. "ಬರಿ." ಬರೆದೆ. ಪುಸ್ತಕವನ್ನು ಅವಳು ತನ್ನ ಕೋಟಿನೊಳಗೆ ಇಟ್ಟುಕೊಂಡಳು.

ಹದಿನೆಂಟನೆಯ ಬಾವುಟದ ಹತ್ತಿರ ಸೀಳು ಕಂಡಿತು. ಹೋಗುವಾಗ ಇರಲಿಲ್ಲ. ಕಾಲುವೆಯಿಂದ ಶುರುವಾಗಿ ಎಡಕ್ಕೆ, ಕಣ್ಣಿಗೆ ಕಾಣುವಷ್ಟು ದೂರ ಕಪ್ಪು ನೀರು. ಅಗಲ ಒಂದೂವರೆ ಮೀಟರು. ನೋಡುತ್ತಿದ್ದಂತೆ ಅದು ಸದ್ದಿಲ್ಲದೆ ಬೆಳೆಯುತ್ತಿತ್ತು. ಆಚೆಯ ಅಂಚಿನಿಂದ ನೂರೈವತ್ತು ಮೀಟರು ದೂರದಲ್ಲಿ ಹಡಗು, ಅದರ ಪಕ್ಕದಲ್ಲಿ ನೇತಾಡುವ ಏಣಿ, ಕೈ ಬೀಸುತ್ತಿರುವ ಜನ. ಎನ್ಸಿಯೊ ಹಡಗನ್ನು ಒಂದಡಿಯೂ ನಮ್ಮತ್ತ ತರುವಂತಿರಲಿಲ್ಲ. ತಂದರೆ ನಮ್ಮನ್ನು ಉಳಿಸಲು ಬಂದ ಹಡಗೇ ನಮ್ಮ ಕಾಲಡಿಯ ಗಡ್ಡೆಯನ್ನು ಒಡೆಯುತ್ತದೆ. ಅವನು ಮೂರು ಸಾವಿರ ಟನ್ನಿನ ಯಂತ್ರವನ್ನು ಹಿಡಿದುಕೊಂಡು ನೋಡುತ್ತ ನಿಲ್ಲಬೇಕಿತ್ತು.

"ಸ್ಲೆಡ್ಜ್ ಖಾಲಿ ಮಾಡು," ಎಂದಳು ಸೈಮಿ.

ಬೈರಿಗೆಯನ್ನು ಎತ್ತಿ ಹಾಕಿದೆ. ಅವಳು ಸ್ಲೆಡ್ಜನ್ನು ಸೀಳಿನ ಮೇಲೆ ಅಡ್ಡ ನೂಕಿದಳು. ಆಚೆಯ ಅಂಚಿಗೆ ಒಂದು ಗೇಣು ಮಾತ್ರ ಕೂತಿತು. ಅವಳ ಅಪ್ಪ ಬಲೆ ಎಳೆಯಲು ಹೋದಾಗ ಮಕ್ಕಳನ್ನು ಹೀಗೇ ದಾಟಿಸುತ್ತಿದ್ದನಂತೆ. ಅವಳು ನಿಧಾನವಾಗಿ ಹಾರೆಯನ್ನು ಈಚೆಯ ಅಂಚಿಗೆ ಹೊಡೆದು, ಹಗ್ಗ ಕಟ್ಟಿ, ನನ್ನ ಸೊಂಟಕ್ಕೆ ಸುತ್ತಿದಳು.

"ಹೊಟ್ಟೆ ಮೇಲೆ ಮಲಗಿ ಹೋಗು. ಎದ್ದು ನಿಂತ್ಯೋ, ನಾನೇ ನೀರಿಗೆ ನೂಕ್ತೀನಿ."

ನಾನು ತೆವಳಿದೆ. ಕೆಳಗೆ ನೀರು ಸ್ಲೆಡ್ಜಿನ ತಳವನ್ನು ನೆಕ್ಕುತ್ತಿತ್ತು. ಆಚೆ ತಲುಪಿ ಹಗ್ಗ ಹಿಡಿದು ತಿರುಗುವಷ್ಟರಲ್ಲಿ ಅವಳೂ ಹಾರೆಯಿಂದ ಹಗ್ಗ ಬಿಚ್ಚಿ ಹೊರಟಿದ್ದಳು. ನಡುವೆ ಬಂದಾಗ ಸ್ಲೆಡ್ಜಿನ ಹಿಂದಿನ ತುದಿ ಅಂಚು ಬಿಟ್ಟು ಜಾರಿತು. ಸೈಮಿಯ ಕಾಲುಗಳು ನೀರಿಗೆ ಬಿದ್ದವು. "ಹಗ್ಗ ಹಿಡಿ!" ಎಂದು ಕಿರುಚಿದೆ. ಅವಳು ಹಿಡಿದಳು, ಬಲಗೈಯಲ್ಲಿ. ಹಗ್ಗ ಆ ಬೆರಳುಗಳ ನಡುವಿನಿಂದ ಸುಮ್ಮನೆ ಹರಿದುಹೋಯಿತು. ತಾನು ಹಿಡಿದಿದ್ದೇನೆ ಎಂದೇ ಅವಳು ತಿಳಿದಿದ್ದಳು. ಅವಳ ಮುಖದಲ್ಲಿ ನಾನು ಮೊದಲ ಸಲ ಹೆದರಿಕೆ ಕಂಡದ್ದು ಆಗ.

"ಎಡಗೈ, ಸೈಮಿ! ಎಡಗೈ!"

ಅವಳು ಎಡಗೈಗೆ ಹಗ್ಗ ಸುತ್ತಿಕೊಂಡಳು. ನಾನು ಹಿಮ್ಮಡಿ ಊರಿ ಎಳೆದೆ. ಸೊಂಟದವರೆಗೆ ನೆನೆದ ಹೆಂಗಸು, ಐವತ್ತೆಂಟು ವರ್ಷ, ಮೀನಿನ ಹಾಗೆ ಗಡ್ಡೆಯ ಮೇಲೆ ಬಂದು ಬಿದ್ದಳು. ಬಿದ್ದವಳು ಮೊದಲು ಕೋಟಿನೊಳಗೆ ಕೈ ಹಾಕಿ ಪುಸ್ತಕ ಒದ್ದೆಯಾಗಿದೆಯೇ ಎಂದು ನೋಡಿದಳು.

ಏಣಿಯ ಕೆಳಗೆ ತಲುಪಿದಾಗ ಅವಳ ಪ್ಯಾಂಟು ಮರದ ಹಲಗೆಯಂತೆ ಸೆಟೆದಿತ್ತು. ಎಡಗೈ, ಬಲಮೊಣಕೈ ಹೀಗೆ ಊರಿಕೊಂಡು ಹತ್ತಿದಳು. ಮೇಲಿನಿಂದ ಕೈ ಚಾಚಿ ಅವಳ ಕೊರಳ ಪಟ್ಟಿ ಹಿಡಿದು ಎಳೆದುಕೊಂಡವನು ಹೋಲ್ಗರ್. ಅವನ ತುಟಿ ಬಿಳಿಚಿಕೊಂಡಿತ್ತು.

ಬಟ್ಟೆ ಬದಲಿಸಿ, ಮೊದಲು ಸೌನಾದ ಬಿಸಿ ಹಬೆಯ ಕೋಣೆಗೆ ಹೋಗು ಎಂದು ಎಲ್ಲರೂ ಹೇಳಿದರು. ಅವಳು ಕಂಬಳಿ ಹೊದ್ದು ನೇರವಾಗಿ ಗಾಜಿನ ಕೋಣೆಗೆ ಬಂದಳು. ಪುಸ್ತಕವನ್ನು ಎನ್ಸಿಯೊನ ಮುಂದೆ ಇಟ್ಟಳು.

"ಒಂಬತ್ತರಿಂದ ಹದಿನೇಳು, ಎರಡು ಹಾಸು. ಮೇಲಿನದು ನಲವತ್ತೈದು, ಕೆಳಗಿನದು ಮೂವತ್ತೇಳರ ಸುತ್ತ. ಇದು ಸಪಾಟು ಗಡ್ಡೆ ಅಲ್ಲ. ಓಟ ಲೆಕ್ಕಕ್ಕಿಲ್ಲ. ಹೋಲ್ಗರನ ಹಡಗಿನಲ್ಲಿ ತಪ್ಪಿಲ್ಲ."

"ಆಯ್ತಲ್ಲ," ಎಂದ ಎನ್ಸಿಯೊ. "ಎಲ್ಲರ ಕಣ್ಣಿಗೂ ಸಪಾಟೇ ಕಾಣ್ತಿತ್ತು. ಯಾರಿಗಾದ್ರೂ ಆಗೋ ತಪ್ಪು. ಹೋಗಿ ಬೆಚ್ಚಗಾಗು."

ಅವನು ಬಾಗಿಲು ತೆರೆದುಕೊಟ್ಟಿದ್ದ. ಅವಳು ಹೋಗಿಬಿಡಬಹುದಿತ್ತು.

"ಯಾರಿಗಾದ್ರೂ ಆಗೋದಲ್ಲ. ನಂಗೆ ಆಗಿದ್ದು." ಅವಳು ಕಂಬಳಿಯಿಂದ ಬಲಗೈ ಹೊರತೆಗೆದು ಮೇಜಿನ ಮೇಲಿಟ್ಟಳು. "ಈ ಮೂರು ಬೆರಳು ಸತ್ತು ಎರಡು ಚಳಿಗಾಲ ಆಯ್ತು. ಮುಚ್ಚಿಟ್ಟಿದ್ದೆ. ಬೆಳಿಗ್ಗೆ ಕೋಲು ಕೆಳಗೆ ತಾಗಿದ್ದು ನಂಗೆ ಗೊತ್ತಾಗ್ಲಿಲ್ಲ. ಬರ್ಕೊಳ್ಳಿ."

ಎನ್ಸಿಯೊ ಆ ಕೈಯನ್ನು ಬಹಳ ಹೊತ್ತು ನೋಡಿದ. ತನ್ನದೇ ಯಾವುದೋ ವಸ್ತು ಒಡೆದುಹೋದವನಂತೆ ಕೂತಿದ್ದ. ಮಾತಾಡಿದ್ದು ಹೋಲ್ಗರ್. "ನೀನು ಕೂತ್ಕೊ, ಸೈಮಿ," ಎಂದ. ಏಕವಚನ. "ಗುರುವಾರ ಇವತ್ತು, ಬಟಾಣಿ ಸೂಪು ಇದೆ. ತರ್ಸ್ತೀನಿ."

ನಾನು ಒಂದು ಹೆಜ್ಜೆ ಮುಂದೆ ಬಂದೆ. "ಇದರಲ್ಲಿ ನಂದೂ..." ಎಂದು ಶುರುಮಾಡಿದೆ. ಸೈಮಿ ನನ್ನತ್ತ ತಿರುಗಲೂ ಇಲ್ಲ. "ಇವನನ್ನ ಮಲಗಿಸಿ. ಹೆದರಿಕೆಗೆ ಏನೇನೋ ಬಡಬಡಿಸ್ತಿದಾನೆ," ಎಂದಳು. ನಾನು ಬಾಯಿ ಮುಚ್ಚಿಕೊಂಡೆ. ಮುಚ್ಚಿಕೊಂಡು ನೆಮ್ಮದಿಯಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಎರಡು ದಿನದ ಮೇಲೆ ಕೆಮಿ ಬಂದರಿನ ಹತ್ತಿರ ಒಳ್ಳೆಯ ಗಡ್ಡೆ ಸಿಕ್ಕಿತು. ಬೇರೆಯವರು ಬಂದು ಕೊರೆದರು, ಹಡಗು ಎಂಟೂಕಾಲರಲ್ಲಿ ಓಡಿ ಗೆದ್ದಿತು. ಸೈಮಿ ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು.

ಅವಳು ಅಷ್ಟಕ್ಕೇ ಬಿಡಲಿಲ್ಲ. ಹೆಲ್ಸಿಂಕಿಗೆ ಹೋಗಿ, ಎರಡು ಚಳಿಗಾಲದಲ್ಲಿ ತಾನು ಅಳೆದ ಸಾವಿರದ ನೂರನಲವತ್ತು ತೂತುಗಳನ್ನೂ ಅನುಮಾನದ ಪಟ್ಟಿಗೆ ಸೇರಿಸಬೇಕೆಂದು ಹಟ ಹಿಡಿದಳು. ಹಾಗೆ ಮಾಡಿದರೆ ಮೂರು ಹಡಗುಗಳ ಮಾಲೀಕರಿಗೆ ಕಾಗದ ಬರೆಯಬೇಕಾಗುತ್ತದೆ, ಸಂಸ್ಥೆಯ ಮರ್ಯಾದೆ ಹೋಗುತ್ತದೆ ಎಂದು ನಿರ್ದೇಶಕರು ಕೈಮುಗಿಯುವುದೊಂದು ಬಾಕಿ. ಕಾಗದಗಳನ್ನು ಅವಳೇ ಬರೆದಳು. ವರದಿಯನ್ನೂ ಬರೆದಳು. ಪಿಂಚಣಿಗೆ ಇನ್ನೂ ಒಂಬತ್ತು ತಿಂಗಳಿರುವಾಗಲೇ ಹೈಲುವೊಟೊಗೆ ವಾಪಸ್ಸಾದಳು.

ವರದಿಯ ಪ್ರತಿ ನನ್ನ ಮೇಜಿಗೆ ಬಂದಾಗ ನಾನು ಕೊನೆಯ ಪುಟವನ್ನು ಮೊದಲು ತೆರೆದೆ. ಅಳೆದವರು: ಸೈಮಿ ಹೌಕ್ಕ. ಬಲಗೈಯ ಮೂರು ಬೆರಳುಗಳಲ್ಲಿ ಎರಡು ಚಳಿಗಾಲದಿಂದ ಸ್ಪರ್ಶವಿಲ್ಲ. ಸಂಸ್ಥೆಗೆ ತಿಳಿಸಿರಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು: ಬರೆದವನಿಗೆ ತಿಳಿದಿರಲಿಲ್ಲ.

ಮುಂದಿನ ಭಾನುವಾರವೇ ದೋಣಿ ಹತ್ತಿ ದ್ವೀಪಕ್ಕೆ ಹೋದೆ. ಅವಳು ಅಡುಗೆಮನೆಯಲ್ಲಿ ಎಡಗೈಯಲ್ಲಿ ಮೀನು ಸೀಳುವುದನ್ನು ಕಲಿಯುತ್ತಿದ್ದಳು, ಬೈದುಕೊಳ್ಳುತ್ತ.

"ಆ ಸಾಲು ಸುಳ್ಳು," ಎಂದೆ.

"ಹೂಂ."

"ನೀನು ಜೀವಮಾನದಲ್ಲಿ ಸುಳ್ಳು ಬರೆಸಿದೋಳಲ್ಲ."

"ಬರೆಸಿಲ್ಲ. ಅದಕ್ಕೇ ಒಂದು ಬರೆದ್ರೆ ನಂಬ್ತಾರೆ." ಮೀನಿನ ಕರುಳನ್ನು ಬಕೆಟ್ಟಿಗೆ ಎಸೆದಳು. "ನಿಂಗೆ ಗೊತ್ತಿತ್ತು ಅಂದ್ರೆ ನೀನು ಬರೆದ ಎಂಟು ವರ್ಷದ್ದೂ ಅನುಮಾನಕ್ಕೆ ಹೋಗುತ್ತೆ. ನಿಂಗಿನ್ನೂ ಮೂವತ್ತು ಚಳಿಗಾಲ ಇದೆ. ಸಹಿ ಆಗಿದೆ, ಕ್ಯಾತೆ ತೆಗೀಬೇಡ. ಕಾಫಿ ಕುಡಿ."

ಕುಡಿದೆ. ಹನ್ನೆರಡು ವರ್ಷ ಅವಳ ಮನೆಗೆ ಹೋಗಿ ಬರುತ್ತಿದ್ದೆ. ಆ ಮಾತು ಮತ್ತೆ ಎತ್ತಲಿಲ್ಲ. ಅಳೆಯುವವನ ಜಾಗ ನನಗೆ ಸಿಕ್ಕಿತು, ಹೊಸ ಬರೆಯುವವರು ನನ್ನ ಅಂಕಿಗಳನ್ನು ತಿರುಗಿ ಕೂಗುತ್ತಾರೆ, ಕ್ಯಾಪ್ಟನ್ನುಗಳು ತಲೆಯಾಡಿಸುತ್ತಾರೆ. ಆ ಬೆಳಿಗ್ಗೆ ನಾನು ನಾಲಿಗೆಯ ತುದಿಗೆ ಬಂದ ಮಾತೊಂದನ್ನು ಹೇಳಿದ್ದರೆ ಅವಳು ಒಂದು ವಾರ ನನ್ನ ಮೇಲೆ ಮುನಿಸಿಕೊಳ್ಳುತ್ತಿದ್ದಳು. ಅದಕ್ಕಿಂತ ಹೆಚ್ಚೇನೂ ಆಗುತ್ತಿರಲಿಲ್ಲ.

ಕಳೆದ ನವೆಂಬರಿನಲ್ಲಿ ಸೈಮಿ ತೀರಿಕೊಂಡಳು. ಪ್ರಯೋಗಾಲಯದವರು ಅವಳ ನೆನಪಿಗೆ ಒಂದು ಪುಟ ಬರೆದುಕೊಡು ಎಂದು ಕೇಳಿದ್ದಾರೆ, ಗೋಡೆಗೆ ಹಾಕುತ್ತಾರಂತೆ. ಅವಳ ಪ್ರಾಮಾಣಿಕತೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಇರಲಿ ಎಂದರು. ಬರೆಯಲು ಕೂತೆ, ಬಂದದ್ದು ಇದು. ಇದನ್ನೇ ಕಳಿಸುತ್ತಿದ್ದೇನೆ. ಗೋಡೆಗೆ ಹಾಕಲು ಉದ್ದವಾದರೆ ಕೊನೆಯ ಸಾಲೊಂದನ್ನಾದರೂ ಆ ವರದಿಗೆ ಸೇರಿಸಿಕೊಳ್ಳಲಿ.

ಬರೆದವನಿಗೆ ತಿಳಿದಿತ್ತು.